ಎಣ್ಣೆ ಎಷ್ಟು ಅಂತ ಯಾರನ್ನು ಕೇಳೋದು?

ನಮ್ಮ ಹೊಸಕೋಟೆ ತಾಲ್ಲೂಕಿನ ಯಾವ ಹಳ್ಳಿಗೆ ಬೇಕಾದರೂ ಬೆಳಿಗ್ಗೆ ಆರೂವರೆಗೆ ಹೋಗಿ ನೋಡಿ. ಹಾಲಿನ ಡೈರಿ ಮುಂದೆ ಕ್ಯಾನು, ಬಕೆಟ್ಟು ಹಿಡಿದವರ ಸಾಲು ಇರುತ್ತೆ. ಸೆಕ್ರೆಟರಿ ಒಬ್ಬೊಬ್ಬರ ಹಾಲಿನಿಂದಲೂ ಸ್ವಲ್ಪ ಸ್ಯಾಂಪಲ್ ತೆಗೆದು ಮಿಷನ್ನಿಗೆ ಇಡುತ್ತಾರೆ. ಫ್ಯಾಟು ಇಷ್ಟು, ಎಸ್ಸೆನ್ನೆಫ್ ಇಷ್ಟು ಅಂತ ನಂಬರು ಬರುತ್ತೆ. ಆ ನಂಬರಿನ ಮೇಲೆ ದುಡ್ಡು. ನಿನ್ನೆಗಿಂತ ಎರಡು ಪಾಯಿಂಟ್ ಕಮ್ಮಿ ಬಂದರೆ ಅಲ್ಲೇ ಜಗಳ, "ಮಿಷನ್ ಸರಿಯಿಲ್ಲ, ಇನ್ನೊಂದ್ಸಲ ಹಾಕು" ಅಂತ. ಈಗ ಒಂದು ಕಲ್ಪನೆ ಮಾಡಿಕೊಳ್ಳಿ. ಮಿಷನ್ನೆಲ್ಲ ಎತ್ತಿ ಒಳಗಿಟ್ಟು, "ಏನಮ್ಮ, ಕಳೆದ ಒಂದು ವರ್ಷದಲ್ಲಿ ನಿಮ್ಮ ಹಸುವಿನ ಹಾಲಲ್ಲಿ ಸರಾಸರಿ ಎಷ್ಟು ಜಿಡ್ಡಿತ್ತು? ಕಮ್ಮಿನಾ, ಮಧ್ಯಮನಾ, ಜಾಸ್ತಿನಾ?" ಅಂತ ಕೇಳಿ, ಹೇಳಿದ್ದನ್ನು ಬರೆದುಕೊಂಡು ದುಡ್ಡು ಬಟವಾಡೆ ಮಾಡುವ ಡೈರಿ ಎಷ್ಟು ದಿನ ನಡೆದೀತು?

ಒಂದು ವಾರ ನಡೆಯಲ್ಲ.

ಆದರೆ ಆ ಹಾಲು ಕರೆದು ತಂದ ಹೆಂಗಸು ದಿನಕ್ಕೆ ಎಷ್ಟು ಜಿಡ್ಡು ತಿನ್ನುತ್ತಾಳೆ ಅನ್ನೋದನ್ನು ತಿಳಿಯಲು ದೇಶವಿದೇಶದ ವಿಜ್ಞಾನಿಗಳು ಬಹುಪಾಲು ಮಾಡುವುದು ಇದನ್ನೇ. ಒಂದು ಫಾರಂ ಹಿಡಿದು ಕೇಳುತ್ತಾರೆ. ಆ ಉತ್ತರಗಳನ್ನು ಕೂಡಿಸಿ, ಗುಣಿಸಿ, ಕೊನೆಗೆ "ಕೊಬ್ಬು ತಿಂದರೆ ಹೃದಯಕ್ಕೆ ಕೆಟ್ಟದ್ದು" ಅಂತಲೋ "ತುಪ್ಪ ತಿಂದವರೇ ಜಾಸ್ತಿ ಬದುಕ್ತಾರೆ" ಅಂತಲೋ ನಮ್ಮ ಪೇಪರಿನ ಮೂರನೇ ಪುಟಕ್ಕೆ ಬರುತ್ತೆ. ಈ ಫಾರಂ ಎಷ್ಟು ನಂಬಿಕಸ್ಥ ಅನ್ನೋದರ ಬಗ್ಗೆ ಬಹಳ ದಿನದಿಂದ ಬರೆಯಬೇಕು ಅಂತಿದ್ದೆ. ಸ್ವಲ್ಪ ಉದ್ದ ಆಗಬಹುದು, ಒಂದು ಲೋಟ ಕಾಫಿ ಇಟ್ಟುಕೊಂಡು ಕೂತ್ಕೊಳ್ಳಿ :-)

ಸೂಲಿಬೆಲೆ ಕಡೆ ನಮ್ಮ ಚಿಕ್ಕಮ್ಮನ ಮನೆ ಇದೆ. ಹೋದ ವರ್ಷ ಅವರೇಕಾಯಿ ಕಾಲದಲ್ಲಿ ನಾನು ಅಲ್ಲಿಗೆ ಹೋಗಿದ್ದಾಗ ಯಾವುದೋ ಕಾಲೇಜಿನ ಇಬ್ಬರು ಹುಡುಗಿಯರು ಫಾರಂ ಹಿಡಿದು ಬಂದರು. ಪಾಪ, ಬಿಸಿಲಲ್ಲಿ ಮನೆಮನೆ ಸುತ್ತಿ ಮುಖ ಕೆಂಪಾಗಿತ್ತು. ಚಿಕ್ಕಮ್ಮ ಮಜ್ಜಿಗೆ ಕೊಟ್ಟು ಕೂರಿಸಿದರು. ಜಗಲಿ ಮೇಲೆ ಹಿತಕಿದ ಬೇಳೆ ಹಿಸುಕುತ್ತಲೇ ಉತ್ತರ.

"ಅಮ್ಮಾ, ಕರಿದ ಪದಾರ್ಥ ವಾರಕ್ಕೆ ಎಷ್ಟು ಸಲ ತಿಂತೀರ?"

"ಕರಿದಿದ್ದಾ? ಎಲ್ಲಿ ಬಂತು ಕಣಮ್ಮ. ಹಬ್ಬಕ್ಕೆ ಅಷ್ಟೇ."

"ಚಿತ್ರಾನ್ನ?"

"ಅದು ವಾರಕ್ಕೆ ಎರಡು ಮೂರು ದಿನ ಇದ್ದಿದ್ದೇ. ಬೆಳಿಗ್ಗೆ ಹುಡುಗರಿಗೆ ಡಬ್ಬಿಗೆ ಹಾಕ್ಬೇಕಲ್ಲ."

"ಒಂದು ಸಲಕ್ಕೆ ಎಷ್ಟು ಕಪ್ಪು?"

ಚಿಕ್ಕಮ್ಮ ನನ್ನ ಮುಖ ನೋಡಿದರು. ಅವರ ಮನೇಲಿ ಕಪ್ಪು ಅಂದರೆ ಕಾಫಿ ಕುಡಿಯೋದು. "ಬರ್ಕೋ, ಒಂದು ತಟ್ಟೆ" ಅಂದರು. ಹುಡುಗಿ ಎರಡು ಕಪ್ಪು ಅಂತ ಬರೆದುಕೊಂಡಳು. ಹೀಗೆ ಮುಕ್ಕಾಲು ಗಂಟೆ. ಮುದ್ದೆ, ಅನ್ನ, ಬಸ್ಸಾರು, ಸೊಪ್ಪಿನ ಸಾರು, ಉಪ್ಸಾರು, ಇಡ್ಲಿ, ಪೂರಿ, ಕೋಳಿ, ಮೊಟ್ಟೆ, ಹಾಲು, ಬಿಸ್ಕತ್ತು. ದಿನಕ್ಕೋ, ವಾರಕ್ಕೋ, ತಿಂಗಳಿಗೋ, ವರ್ಷಕ್ಕೋ? ಚಿಕ್ಕಮ್ಮ ಒಂದು ಸುಳ್ಳೂ ಹೇಳಲಿಲ್ಲ, ನಾನೇ ಸಾಕ್ಷಿ. ಹುಡುಗಿಯರೂ ಶ್ರದ್ಧೆಯಿಂದಲೇ ಬರೆದರು. ಆದರೆ ಅಡುಗೆಮನೆಯಲ್ಲಿ ಸ್ಟೌ ಪಕ್ಕದಲ್ಲಿ ಕೂತಿದ್ದ ಐದು ಲೀಟರಿನ ಎಣ್ಣೆ ಕ್ಯಾನನ್ನು ಯಾರೂ ಒಂದು ಮಾತು ಕೇಳಲಿಲ್ಲ.

ನನ್ನ ತಕರಾರು ಇರೋದು ಇಲ್ಲೇ.

ಈ ತರದ ಫಾರಂಗೆ ಆಹಾರ ಆವರ್ತನ ಪ್ರಶ್ನಾವಳಿ ಅಂತ ದೊಡ್ಡ ಹೆಸರಿದೆ, ಇಂಗ್ಲಿಷಿನಲ್ಲಿ ಚಿಕ್ಕದಾಗಿ ಎಫ್ ಎಫ್ ಕ್ಯೂ ಅಂತಾರೆ. ಇದನ್ನು ಜಗತ್ತಿನಲ್ಲಿ ಹೆಚ್ಚು ಚಾಲ್ತಿಗೆ ತಂದವರು ಹಾರ್ವರ್ಡಿನ ವಾಲ್ಟರ್ ವಿಲೆಟ್ ಮತ್ತು ಅವರ ಜೊತೆಯವರು. 1985ರಲ್ಲಿ ಬಾಸ್ಟನ್ ಕಡೆಯ 173 ಮಂದಿ ನರ್ಸ್‌ಗಳಿಗೆ 61 ಪದಾರ್ಥಗಳ ಪಟ್ಟಿ ಕೊಟ್ಟು, ಅದೇ ನರ್ಸ್‌ಗಳು ತಿಂದದ್ದನ್ನೆಲ್ಲ ನಾಲ್ಕು ಬೇರೆಬೇರೆ ವಾರ ತೂಕ ಮಾಡಿ ಬರೆದಿಟ್ಟ ಲೆಕ್ಕದ ಜೊತೆ ಹೋಲಿಸಿದರು. ಪರವಾಗಿಲ್ಲ, ಯಾರು ಜಾಸ್ತಿ ತಿಂತಾರೆ ಯಾರು ಕಮ್ಮಿ ತಿಂತಾರೆ ಅಂತ ಸಾಲಾಗಿ ನಿಲ್ಲಿಸೋಕೆ ಈ ಪಟ್ಟಿ ಸಾಕು ಅಂತ ತೀರ್ಮಾನವಾಯಿತು. ಗಮನಿಸಿ, 'ಸಾಲಾಗಿ ನಿಲ್ಲಿಸೋಕೆ'. ಇಷ್ಟೇ ಗ್ರಾಂ ಅಂತ ಹೇಳೋಕೆ ಅಲ್ಲ. ಈ ವ್ಯತ್ಯಾಸ ಮುಂದೆ ಬೇಕಾಗುತ್ತೆ.

ಅಮೆರಿಕದ ನರ್ಸಮ್ಮನ ಊಟದಲ್ಲಿ ಜಿಡ್ಡು ಅನ್ನೋದು ಬಹುಮಟ್ಟಿಗೆ ಒಂದೊಂದು ಪದಾರ್ಥದ ರೂಪದಲ್ಲೇ ಕಣ್ಣಿಗೆ ಕಾಣುತ್ತೆ. ಬ್ರೆಡ್ಡಿಗೆ ಬೆಣ್ಣೆ ಒಂದು ತುಂಡು, ಚೀಸು ಎರಡು ಹಾಳೆ, ಮಾಂಸ ಒಂದು ತುಂಡು. ಎಣಿಸಬಹುದು. ನಮ್ಮಲ್ಲಿ ಜಿಡ್ಡು ಪದಾರ್ಥವಲ್ಲ, ಕ್ರಿಯೆ! ಒಗ್ಗರಣೆ. ಅದು ಸಾರಲ್ಲಿದೆ, ಪಲ್ಯದಲ್ಲಿದೆ, ಚಿತ್ರಾನ್ನದಲ್ಲಿದೆ, ದೋಸೆ ಹಂಚಿನ ಮೇಲಿದೆ, ಚಪಾತಿ ಸುತ್ತ ಇದೆ. ತಿನ್ನುವವನಿಗೆ ಅದು ಗೊತ್ತಾಗೋದೇ ಇಲ್ಲ. ಅಡುಗೆ ಮಾಡುವವಳಿಗಾದರೂ ಗೊತ್ತಾ? ಅವಳದು ಕೈ ಅಳತೆ. ಕ್ಯಾನಿಂದ ಮಿಳ್ಳೆಗೆ ಸುರಿದುಕೊಂಡು, ಮಿಳ್ಳೆಯಿಂದ ಬಾಣಲೆಗೆ ಒಂದು ಸುತ್ತು. ಆ ಸುತ್ತು ಎಷ್ಟು ಗ್ರಾಂ ಅಂತ ಕೇಳಿದರೆ ನಗುತ್ತಾಳೆ.

ಹಾಗಾದರೆ ಫಾರಂನವರು ಎಣ್ಣೆ ಲೆಕ್ಕ ಹೇಗೆ ಹಾಕುತ್ತಾರೆ? ಅವರ ಹತ್ತಿರ ಒಂದು ಕೋಷ್ಟಕ ಇರುತ್ತೆ. ಆ ಪ್ರದೇಶದ ಒಂದಷ್ಟು ಮನೆಗಳಿಂದ ಚಿತ್ರಾನ್ನ, ಸಾರು, ಪಲ್ಯದ ರೆಸಿಪಿ ತಂದು, ಒಂದು ಕಪ್ಪು ಚಿತ್ರಾನ್ನದಲ್ಲಿ ಇಷ್ಟು ಎಣ್ಣೆ ಅಂತ ಒಂದು ಮಾದರಿ ಮಾಡಿಟ್ಟುಕೊಂಡಿರುತ್ತಾರೆ. ನೀವು ಎಷ್ಟು ಕಪ್ಪು ಅಂದಿರೋ ಅದಕ್ಕೆ ಗುಣಿಸುತ್ತಾರೆ. ಬೆಂಗಳೂರಿನ ಸೇಂಟ್ ಜಾನ್ಸ್‌ನ ಭಾರತಿ, ಅನುರಾ ಕುರ್ಪಾಡ್, ಮಾರಿಯೋ ವಾಜ್ ಮುಂತಾದವರು ದಕ್ಷಿಣ ಭಾರತಕ್ಕಾಗಿ ಇಂಥದ್ದೊಂದು ಪ್ರಶ್ನಾವಳಿಯನ್ನೂ ಪೋಷಕಾಂಶಗಳ ಕೋಷ್ಟಕವನ್ನೂ ತಯಾರು ಮಾಡಿ, ಅದರಲ್ಲಿರುವ ತೊಡಕುಗಳ ಬಗ್ಗೆಯೇ 2008ರಲ್ಲಿ ಒಂದು ಪ್ರಬಂಧ ಬರೆದಿದ್ದಾರೆ. ಕಷ್ಟದ ಕೆಲಸ, ಅವರ ಬಗ್ಗೆ ನನಗೆ ಗೌರವ ಇದೆ. ಯಾರೋ ಅಮೆರಿಕದ ಫಾರಂ ತಂದು ಕನ್ನಡಕ್ಕೆ ಭಾಷಾಂತರ ಮಾಡಿ "ವಾರಕ್ಕೆ ಎಷ್ಟು ಸಲ ಚೀಸ್ ತಿಂತೀರ" ಅಂತ ಚಿಕ್ಕಮ್ಮನನ್ನು ಕೇಳೋದಕ್ಕಿಂತ ಇದು ಸಾವಿರ ಪಾಲು ಮೇಲು.

ಆದರೂ ಕೋಷ್ಟಕ ಕೋಷ್ಟಕವೇ. ಚಿಕ್ಕಮ್ಮನ ಮನೇಲಿ ಐದು ಜನ, ತಿಂಗಳಿಗೆ ಐದು ಲೀಟರ್ ಎಣ್ಣೆ ಖರ್ಚು. ಎದುರು ಮನೆಯಲ್ಲೂ ಐದು ಜನ, ಅಲ್ಲಿ ಎರಡೂವರೆ ಲೀಟರ್. (ಆ ಮನೆಯ ಅಜ್ಜಿ ಎಣ್ಣೆ ಮಿಳ್ಳೆಯನ್ನು ಸೊಸೆ ಕೈಗೆ ಕೊಡೋದಿಲ್ಲ ಅನ್ನೋದು ಇಡೀ ಬೀದಿಗೆ ಗೊತ್ತು!) ಲೆಕ್ಕ ಹಾಕೋಣ. ಒಂದು ಲೀಟರ್ ಪ್ಯಾಕೆಟ್ ಮೇಲೆ ಸಣ್ಣಕ್ಷರದಲ್ಲಿ 910 ಗ್ರಾಂ ಅಂತ ಬರೆದಿರುತ್ತೆ, ನೋಡಿ. ಚಿಕ್ಕಮ್ಮನ ಮನೇಲಿ ತಲೆಗೆ ದಿನಕ್ಕೆ ಸುಮಾರು 30 ಗ್ರಾಂ. ಎದುರು ಮನೇಲಿ 15. ದುಪ್ಪಟ್ಟು! ಆದರೆ ಎರಡೂ ಮನೆಯವರು ತಿನ್ನೋದು ಅದೇ ಮುದ್ದೆ, ಅದೇ ಬಸ್ಸಾರು, ಅದೇ ಚಿತ್ರಾನ್ನ, ವಾರಕ್ಕೆ ಅಷ್ಟೇ ಸಲ, ಅಷ್ಟೇ ತಟ್ಟೆ. ಫಾರಂ ತುಂಬಿದರೆ ಎರಡೂ ಮನೆಗೆ ಒಂದೇ ಉತ್ತರ ಬರುತ್ತೆ. ಅಂದರೆ ಯಾವ ವ್ಯತ್ಯಾಸ ಹುಡುಕೋಕೆ ಅಂತ ಹುಡುಗಿಯರು ಬಿಸಿಲಲ್ಲಿ ಬಂದರೋ, ಆ ವ್ಯತ್ಯಾಸವೇ ಕೋಷ್ಟಕದೊಳಗೆ ಕರಗಿ ಹೋಯಿತು. ಸಾಲಾಗಿ ನಿಲ್ಲಿಸೋಕೂ ಆಗಲಿಲ್ಲ.

ಜನ ಸುಳ್ಳು ಹೇಳ್ತಾರೆ, ಮರೆತುಬಿಡ್ತಾರೆ, ಅದಕ್ಕೇ ಈ ಲೆಕ್ಕ ತಪ್ಪುತ್ತೆ ಅಂತ ಸಾಮಾನ್ಯವಾಗಿ ಹೇಳೋದು. ಅದೂ ಉಂಟು, ಇಲ್ಲ ಅನ್ನಲ್ಲ. ಆದರೆ ನಮ್ಮ ಕಡೆ ದೊಡ್ಡ ತೊಂದರೆ ಅದಲ್ಲ ಅಂತ ನನ್ನ ಅಭಿಪ್ರಾಯ. ಗೊತ್ತಿಲ್ಲದವರನ್ನು ಗೊತ್ತಿಲ್ಲದ ವಿಷಯ ಕೇಳ್ತಿದೀವಿ. ಅದೇ ತೊಂದರೆ.

ಇದಕ್ಕೆಲ್ಲ ಯಾಕೆ ಇಷ್ಟು ತಲೆ ಕೆಡಿಸ್ಕೋಬೇಕು ಅಂತ ಕೇಳಬಹುದು. ನಮ್ಮ ಭಾವನ ವಿಷಯ ಹೇಳ್ತೀನಿ. ಅವರಿಗೆ ಹಾರ್ಟಿನಲ್ಲಿ ಸ್ಟೆಂಟ್ ಹಾಕಿದೆ. ಡಾಕ್ಟರು ಎಣ್ಣೆ, ತುಪ್ಪ, ಮಾಂಸ ಮಿತವಾಗಿರಲಿ ಅಂತ ಹೇಳಿ ಕಳಿಸಿದ್ದರು. 2017ರ ಆಗಸ್ಟ್ ಕೊನೆಯಲ್ಲಿ ಪ್ಯೂರ್ ಅನ್ನೋ ದೊಡ್ಡ ಅಧ್ಯಯನದ ಫಲಿತಾಂಶ ಲ್ಯಾನ್ಸೆಟ್ ಪತ್ರಿಕೆಯಲ್ಲಿ ಬಂತು. 18 ದೇಶ, 1,35,335 ಜನ, ನಮ್ಮ ಭಾರತವೂ ಸೇರಿ. ಕಾರ್ಬೋಹೈಡ್ರೇಟ್ ಜಾಸ್ತಿ ತಿಂದವರಲ್ಲಿ ಸಾವು ಜಾಸ್ತಿ, ಕೊಬ್ಬು ಜಾಸ್ತಿ ತಿಂದವರಲ್ಲಿ ಸಾವು ಕಮ್ಮಿ ಅನ್ನೋದು ಅದರ ಸಾರಾಂಶ. ಮೂರೇ ದಿನದಲ್ಲಿ ಅದು ವಾಟ್ಸಾಪಿನಲ್ಲಿ ನಮ್ಮ ಭಾವನ ಫೋನಿಗೂ ಬಂತು. "ನೋಡಪ್ಪ, ಡಾಕ್ಟರುಗಳೇ ಹೇಳ್ಬಿಟ್ಟವ್ರೆ, ಇಷ್ಟು ದಿನ ಸುಮ್ನೆ ನನ್ನ ಬಾಯಿ ಕಟ್ಸಿದ್ರು" ಅಂತ ಬಿಸಿ ಮುದ್ದೆ ಮೇಲೆ ತುಪ್ಪ ಶುರು. ಅಕ್ಕ ಎಷ್ಟು ಹೇಳಿದರೂ ಕೇಳಲಿಲ್ಲ. (ಭಾವ ಈಗಲೂ ಗಟ್ಟಿಯಾಗೇ ಇದ್ದಾರೆ, ಕಥೆಗೆ ದುರಂತದ ಅಂತ್ಯ ಇಲ್ಲ. ಆದರೆ ಅವರು ಗಟ್ಟಿಯಾಗಿರೋದು ತುಪ್ಪದಿಂದ ಅಂತಲೂ ನಾನು ಹೇಳಲಾರೆ.)

ಆ ಅಧ್ಯಯನದಲ್ಲಿ ಜಿಡ್ಡು ಅಳೆದದ್ದು ಹೇಗೆ? ಆಯಾ ದೇಶಕ್ಕೆ ಹೊಂದುವ ಪ್ರಶ್ನಾವಳಿಯಿಂದ. ಅಧ್ಯಯನಕ್ಕೆ ಸೇರುವಾಗ ಒಂದು ಸಲ ಕೇಳಿದ್ದು, ಆಮೇಲೆ ಸರಾಸರಿ ಏಳು ವರ್ಷಕ್ಕೂ ಮೇಲೆ ಕಾದು ನೋಡಿದ್ದು. ಅತಿ ಕಮ್ಮಿ ಜಿಡ್ಡಿನ ಗುಂಪಿನವರಿಗೆ ಒಟ್ಟು ಶಕ್ತಿಯಲ್ಲಿ ಜಿಡ್ಡಿನಿಂದ ಬರುತ್ತಿದ್ದುದು ಸುಮಾರು 10.6 ಪರ್ಸೆಂಟ್, ಅತಿ ಹೆಚ್ಚಿನ ಗುಂಪಿನವರಿಗೆ ಸುಮಾರು 35 ಪರ್ಸೆಂಟ್. ಹತ್ತು ಪರ್ಸೆಂಟ್ ಅಂದರೆ ಏನು ಗೊತ್ತಾ? ದಿನಕ್ಕೆ 2000 ಕ್ಯಾಲೊರಿ ಊಟ ಮಾಡುವವರಿಗೆ ಹಾಲು, ಕಾಯಿ, ಬೇಳೆ, ಎಣ್ಣೆ ಎಲ್ಲ ಸೇರಿ 22 ಗ್ರಾಂ. ಒಂದು ಗ್ರಾಂ ಜಿಡ್ಡಿಗೆ 9 ಕ್ಯಾಲೊರಿ, ನೀವೇ ಗುಣಿಸಿ ನೋಡಿ. ಅಷ್ಟು ಕಮ್ಮಿ ಜಿಡ್ಡು ತಿನ್ನುವವರು ಆರೋಗ್ಯದ ಕಾಳಜಿಯಿಂದ ಬಿಟ್ಟವರಾಗಿರೋದು ಅಪರೂಪ. ಬಹುಪಾಲು ಕೊಳ್ಳೋಕೆ ಆಗದವರು. ಅನ್ನ ಮಾತ್ರ ಹೊಟ್ಟೆ ತುಂಬ, ಮೇಲೆ ನೀರು ಸಾರು. ಅಂಥವರು ಬೇಗ ಸಾಯೋದಕ್ಕೆ ಎಣ್ಣೆ ಕಮ್ಮಿ ಆಗಿದ್ದೊಂದೇ ಕಾರಣವಾ? ವಿದ್ಯಾಭ್ಯಾಸ, ಹಳ್ಳಿ-ಪಟ್ಟಣ ಮುಂತಾದವನ್ನು ಲೆಕ್ಕದಲ್ಲಿ ಸರಿದೂಗಿಸಿದ್ದಾರೆ, ನಿಜ. ಬಡತನ ಅಷ್ಟು ಸುಲಭವಾಗಿ ಲೆಕ್ಕದಿಂದ ಕಳೆಯುತ್ತಾ ಅನ್ನೋದು ಬೇರೆ ಪ್ರಶ್ನೆ.

ನಾನು ಪ್ಯೂರ್ ತಪ್ಪು ಅಂತ ಹೇಳ್ತಿಲ್ಲ. ಅದು 'ಜನ ಹೇಳಿದ ಊಟ'ದ ಅಧ್ಯಯನ, 'ಜನ ಉಂಡ ಊಟ'ದ್ದಲ್ಲ. ಭಾವನ ವಾಟ್ಸಾಪಿನಲ್ಲಿ ಆ ಒಂದು ಪದ ಬಿಟ್ಟುಹೋಗಿತ್ತು.

ಹೇಳಿದ್ದಕ್ಕೂ ಉಂಡಿದ್ದಕ್ಕೂ ಎಷ್ಟು ದೂರ ಇರುತ್ತೆ ಅಂತ ಅಳೆದವರು ಇದ್ದಾರೆ. ಅಮೆರಿಕದ ಮೇರಿಲ್ಯಾಂಡಿನಲ್ಲಿ 1999-2000ದಲ್ಲಿ ಓಪನ್ ಅನ್ನೋ ಅಧ್ಯಯನ ನಡೀತು, 484 ಜನರ ಮೇಲೆ. ವಿಧಾನ ಬಹಳ ಚೆನ್ನಾಗಿದೆ. ಭಾರದ ಹೈಡ್ರೋಜನ್ನು, ಭಾರದ ಆಮ್ಲಜನಕ ಇರುವ ಗುರುತಿನ ನೀರು ಕುಡಿಸೋದು, ಆಮೇಲೆ ಮೂತ್ರದ ಸ್ಯಾಂಪಲ್‌ನಲ್ಲಿ ಆ ಎರಡೂ ಎಷ್ಟು ವೇಗವಾಗಿ ಕಮ್ಮಿ ಆಗ್ತಿವೆ ಅಂತ ನೋಡೋದು. ಅದರಿಂದ ದೇಹ ಎಷ್ಟು ಶಕ್ತಿ ಖರ್ಚು ಮಾಡಿತು ಅಂತ ಗೊತ್ತಾಗುತ್ತೆ. ತೂಕ ಬದಲಾಗದೆ ಇದ್ದರೆ ತಿಂದದ್ದೂ ಅಷ್ಟೇ ಇರಬೇಕಲ್ಲ? ಬಾಯಿ ಏನೇ ಹೇಳಲಿ, ಮೂತ್ರ ಸುಳ್ಳು ಹೇಳಲ್ಲ :-) ಫಲಿತಾಂಶ 2003ರಲ್ಲಿ ಬಂತು. ಪ್ರಶ್ನಾವಳಿಯಲ್ಲಿ ಗಂಡಸರು ತಾವು ತಿಂದ ಶಕ್ತಿಯನ್ನು 31ರಿಂದ 36 ಪರ್ಸೆಂಟ್ ಕಮ್ಮಿ ಹೇಳಿದ್ದರು, ಹೆಂಗಸರು 34ರಿಂದ 38 ಪರ್ಸೆಂಟ್. "ನಿನ್ನೆ ಬೆಳಗಿನಿಂದ ಏನೇನು ತಿಂದಿರಿ" ಅಂತ ಒಂದೇ ದಿನದ್ದು ಕೇಳಿದಾಗ ವ್ಯತ್ಯಾಸ ಅರ್ಧದಷ್ಟು: ಗಂಡಸರು 12ರಿಂದ 14, ಹೆಂಗಸರು 16ರಿಂದ 20. ದಪ್ಪ ಇರುವವರು ಇನ್ನೂ ಹೆಚ್ಚು ಕಮ್ಮಿ ಹೇಳ್ತಾರೆ ಅನ್ನೋದು ಇಂಥ ಬಹಳ ಅಧ್ಯಯನಗಳಲ್ಲಿ ಕಂಡುಬಂದಿದೆ.

ಇದು ಒಟ್ಟು ಶಕ್ತಿಯ ಲೆಕ್ಕ. ಪ್ರೋಟೀನಿಗೂ ಹೀಗೇ ಸಾಕ್ಷಿ ಸಿಗುತ್ತೆ, ಅದರ ಸಾರಜನಕ ಮೂತ್ರದಲ್ಲಿ ಹೊರಗೆ ಬರೋದರಿಂದ. ಜಿಡ್ಡಿಗೆ ಮಾತ್ರ ಅಂಥ ಸಾಕ್ಷಿಯೇ ಇಲ್ಲ. ತಿಂದ ಕೊಬ್ಬು ಉರಿದು ಹೋಗುತ್ತೆ ಅಥವಾ ಸೊಂಟದ ಸುತ್ತ ಕೂರುತ್ತೆ, ಹೊರಗೆ ಬಂದು ಲೆಕ್ಕ ಕೊಡೋದಿಲ್ಲ. ಒಂದೇ ಒಂದು ಸಣ್ಣ ಕಿಂಡಿ ಇದೆ. ಲಿನೊಲೆಯಿಕ್ ಆಮ್ಲ ಅನ್ನೋ ಕೊಬ್ಬಿನಾಮ್ಲವನ್ನು ನಮ್ಮ ದೇಹ ತಯಾರಿಸಿಕೊಳ್ಳಲಾರದು, ಊಟದಿಂದಲೇ ಬರಬೇಕು. ಹಾಗಾಗಿ ಚರ್ಮದ ಕೆಳಗಿನ ಕೊಬ್ಬನ್ನು ಸೂಜಿಯಲ್ಲಿ ತೆಗೆದು ನೋಡಿದರೆ ಕಳೆದ ಒಂದೆರಡು ವರ್ಷ ಸೂರ್ಯಕಾಂತಿ ಎಣ್ಣೆಯಂಥದ್ದು ತಿಂದಿದ್ದೀರೋ ತೆಂಗಿನೆಣ್ಣೆಯಂಥದ್ದೋ ಅಂತ ಒಂದು ಅಂದಾಜು ಸಿಗುತ್ತೆ. ಆದರೆ ಒಟ್ಟು ಎಷ್ಟು ತಿಂದಿರಿ ಅಂತ ಗೊತ್ತಾಗಲ್ಲ. ಸ್ಯಾಚುರೇಟೆಡ್ ಕೊಬ್ಬಿನ ಕಥೆ ಇನ್ನೂ ಕಷ್ಟ, ಅನ್ನ-ಸಕ್ಕರೆ ಜಾಸ್ತಿ ತಿಂದರೂ ದೇಹ ಅದನ್ನು ತಾನೇ ತಯಾರಿಸಿಕೊಳ್ಳುತ್ತೆ.

ಹಾಗಾಗಿ ಜಿಡ್ಡಿನ ಪ್ರಶ್ನಾವಳಿ ಸರಿಯಿದೆಯಾ ಅಂತ ಪರೀಕ್ಷೆ ಮಾಡೋದು ಯಾವುದರ ಜೊತೆ? ಇನ್ನೊಂದು ಪ್ರಶ್ನೆಯ ಜೊತೆ! ವರ್ಷದ ಊಟ ಕೇಳಿದ ಫಾರಂ ಅನ್ನು ನಿನ್ನೆಯ ಊಟ ಕೇಳಿದ ಫಾರಂ ಜೊತೆ ಹೋಲಿಸೋದು. ಎರಡಕ್ಕೂ ಉತ್ತರ ಕೊಟ್ಟವಳು ಅದೇ ಚಿಕ್ಕಮ್ಮ, ಎಣ್ಣೆ ಲೆಕ್ಕಕ್ಕೆ ಬಳಸಿದ್ದು ಎಷ್ಟೋ ಸಲ ಅದೇ ಕೋಷ್ಟಕ. ಒಬ್ಬ ಸಾಕ್ಷಿಯನ್ನು ಎರಡು ಸಲ ಕೇಳಿ, ಎರಡು ಸಲವೂ ಒಂದೇ ಹೇಳಿದ, ಆದ್ದರಿಂದ ನಿಜ ಅಂದ ಹಾಗೆ. ನಮ್ಮ ಕೋರ್ಟಿನಲ್ಲಿ ಯಾವ ವಕೀಲರೂ ಇದನ್ನು ಒಪ್ಪಲ್ಲ.

ಅಳತೆಗೋಲು ಬದಲಾದರೆ ಫಲಿತಾಂಶವೂ ತಿರುಗುತ್ತೆ ಅನ್ನೋದಕ್ಕೆ ಒಂದು ಉದಾಹರಣೆ ನನಗೆ ಬಹಳ ಹಿಡಿಸಿದೆ. ಇಂಗ್ಲೆಂಡಿನ ನಾರ್ಫೋಕ್‌ನಲ್ಲಿ ಶೀಲಾ ಬಿಂಗ್‌ಹ್ಯಾಮ್ ಮತ್ತು ಜೊತೆಯವರು 13,070 ಹೆಂಗಸರಿಂದ ಫಾರಂ ತುಂಬಿಸಿದರು, ಏಳು ದಿನದ ಊಟದ ಡೈರಿಯನ್ನೂ ಬರೆಸಿದರು. (ಇದು ಹಾಲಿನ ಡೈರಿ ಅಲ್ಲ, ಬರೆಯೋ ಡೈರಿ.) ಮುಂದೆ ಅವರಲ್ಲಿ 168 ಜನಕ್ಕೆ ಸ್ತನ ಕ್ಯಾನ್ಸರ್ ಬಂತು. ಡೈರಿ ಲೆಕ್ಕದಲ್ಲಿ ನೋಡಿದರೆ ಸ್ಯಾಚುರೇಟೆಡ್ ಕೊಬ್ಬಿಗೂ ಕ್ಯಾನ್ಸರಿಗೂ ಸಂಬಂಧ ಕಾಣಿಸಿತು. ಅದೇ ಹೆಂಗಸರ ಫಾರಂ ಲೆಕ್ಕದಲ್ಲಿ ನೋಡಿದರೆ ಸ್ಪಷ್ಟವಾಗಿ ಏನೂ ಇಲ್ಲ! 2003ರಲ್ಲಿ ಇದು ಬಂದಾಗ, ಇಷ್ಟು ವರ್ಷ ಫಾರಂ ನಂಬಿ ನಾವು ಏನೇನು ಕಳೆದುಕೊಂಡಿದ್ದೇವೋ ಅಂತ ದೊಡ್ಡ ಚರ್ಚೆ ಆಯಿತು. ಕಥೆ ಅಲ್ಲಿಗೇ ಮುಗಿಯಲಿಲ್ಲ. 2011ರಲ್ಲಿ ಬ್ರಿಟನ್ನಿನ ಹಲವು ಅಧ್ಯಯನಗಳನ್ನು ಒಟ್ಟು ಸೇರಿಸಿ, 657 ಕ್ಯಾನ್ಸರ್ ಪ್ರಕರಣಗಳನ್ನು ಇಟ್ಟುಕೊಂಡು ಮತ್ತೆ ನೋಡಿದಾಗ ಡೈರಿಯಲ್ಲೂ ಸಂಬಂಧ ಕಾಣಲಿಲ್ಲ, ಫಾರಂನಲ್ಲೂ ಇಲ್ಲ. ಹಾಗಾದರೆ ಕೊಬ್ಬಿಗೂ ಸ್ತನ ಕ್ಯಾನ್ಸರಿಗೂ ಸಂಬಂಧ ಇದೆಯೋ ಇಲ್ಲವೋ ಅನ್ನೋ ವಾದ ನನಗೆ ಇಲ್ಲಿ ಬೇಡ. ಎಂಟು ವರ್ಷ ವಿಜ್ಞಾನಿಗಳು ಜಗಳ ಆಡಿದ್ದು ಹೆಂಗಸರ ದೇಹದ ಬಗ್ಗೆ ಎಷ್ಟೋ, ಕಾಗದದ ಬಗ್ಗೆಯೂ ಅಷ್ಟೇ ಅನ್ನೋದು ನನಗೆ ಕಂಡದ್ದು.

ವಿದೇಶದ್ದು ಸಾಕು. ನಮ್ಮ ದೇಶದಲ್ಲೇ ಇದಕ್ಕಿಂತ ದೊಡ್ಡ ಗಲಾಟೆ ಆಗಿದೆ, ಎಣ್ಣೆಗಲ್ಲ, ಬಡತನದ ಲೆಕ್ಕಕ್ಕೆ. ರಾಷ್ಟ್ರೀಯ ಮಾದರಿ ಸಮೀಕ್ಷೆಯವರು ಮೊದಲಿನಿಂದ ಮನೆಯವರನ್ನು "ಕಳೆದ 30 ದಿನದಲ್ಲಿ ಎಷ್ಟು ಅಕ್ಕಿ, ಎಷ್ಟು ಎಣ್ಣೆ ಖರ್ಚಾಯಿತು" ಅಂತ ಕೇಳುತ್ತಿದ್ದರು. ತೊಂಬತ್ತರ ದಶಕದಲ್ಲಿ ಪರೀಕ್ಷೆಗೆ ಅಂತ ಅರ್ಧ ಮನೆಗಳಲ್ಲಿ 30 ದಿನದ್ದು, ಇನ್ನರ್ಧ ಮನೆಗಳಲ್ಲಿ ಊಟದ ಪದಾರ್ಥಗಳಿಗೆ 7 ದಿನದ್ದು ಕೇಳಿ ನೋಡಿದರು. ವಾರದ ಲೆಕ್ಕದಲ್ಲಿ ಜನ ಎಷ್ಟೋ ಜಾಸ್ತಿ ತಿಂದಂತೆ ಬಂತು. ಆ ಲೆಕ್ಕ ಹಿಡಿದರೆ ದೇಶದ ಬಡವರ ಸಂಖ್ಯೆ ಹೆಚ್ಚುಕಮ್ಮಿ ಅರ್ಧಕ್ಕೆ ಇಳಿಯುತ್ತಿತ್ತು! ಒಬ್ಬನ ಹೊಟ್ಟೆಗೂ ಒಂದು ತುತ್ತು ಹೆಚ್ಚು ಬಿದ್ದಿರಲಿಲ್ಲ, ಪ್ರಶ್ನೆ ಬದಲಾಗಿತ್ತು ಅಷ್ಟೇ. ಆಮೇಲೆ 1999-2000ದ ಸಮೀಕ್ಷೆಯಲ್ಲಿ ಎರಡನ್ನೂ ಅಕ್ಕಪಕ್ಕದ ಕಾಲಂನಲ್ಲಿ ಒಬ್ಬರನ್ನೇ ಕೇಳಿದರು, ಎರಡೂ ಉತ್ತರ ಒಂದಕ್ಕೊಂದು ಅಂಟಿಕೊಂಡು ಯಾವುದೂ ನಂಬೋ ಹಾಗೆ ಉಳಿಯಲಿಲ್ಲ. ಅರ್ಥಶಾಸ್ತ್ರಜ್ಞರು ಅದರ ಮೇಲೆ ವರ್ಷಗಟ್ಟಲೆ ಜಗಳವಾಡಿದರು.

ಇಷ್ಟೆಲ್ಲ ಇದ್ದರೂ ಆ ಸಮೀಕ್ಷೆಯಲ್ಲಿ ನನಗೆ ಇಷ್ಟವಾಗೋ ಒಂದು ಗುಣ ಇದೆ. ಅದು ಚಿತ್ರಾನ್ನ ಎಷ್ಟು ಕಪ್ಪು ಅಂತ ಕೇಳಲ್ಲ. ಕಡಲೆಕಾಯಿ ಎಣ್ಣೆ ಎಷ್ಟು, ಸೂರ್ಯಕಾಂತಿ ಎಷ್ಟು, ವನಸ್ಪತಿ ಎಷ್ಟು ಅಂತ ಮನೆಯ ಲೆಕ್ಕ ಕೇಳುತ್ತೆ. 2023-24ರ ಸಮೀಕ್ಷೆಯಿಂದ ತೆಗೆದ ಅಂದಾಜಿನ ಪ್ರಕಾರ ದೇಶದಲ್ಲಿ ತಲೆಗೆ ದಿನಕ್ಕೆ ಎಲ್ಲ ಮೂಲದಿಂದ ಸೇರಿ ಹಳ್ಳಿಗಳಲ್ಲಿ ಸುಮಾರು 60 ಗ್ರಾಂ, ಪಟ್ಟಣಗಳಲ್ಲಿ ಸುಮಾರು 70 ಗ್ರಾಂ ಜಿಡ್ಡು. ಈ ನಂಬರಿನಲ್ಲೂ ತಪ್ಪಿರುತ್ತೆ, ಆದರೆ ಅದರ ಹಿಂದೆ ಒಂದು ಕ್ಯಾನು ಇದೆ, ಅಂಗಡಿಯ ಚೀಟಿ ಇದೆ. ಇದಕ್ಕೆ ತದ್ವಿರುದ್ಧವಾಗಿ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯವರು ಕೇಳೋದು "ಕರಿದ ಪದಾರ್ಥ ದಿನಾ ತಿಂತೀರಾ, ವಾರಕ್ಕೊಮ್ಮೆಯಾ, ಯಾವಾಗಲಾದರೂನಾ, ಇಲ್ಲವೇ ಇಲ್ಲವಾ" ಅಂತ. ಚಿಕ್ಕಮ್ಮ 'ಯಾವಾಗಲಾದರೂ' ಅಂದು ಪಾಸಾಗಿಬಿಡುತ್ತಾರೆ, ದಿನಕ್ಕೆ 30 ಗ್ರಾಂ ಎಣ್ಣೆ ಇಟ್ಟುಕೊಂಡು! (ಭಾರತೀಯ ವೈದ್ಯಕೀಯ ಸಂಶೋಧನಾ ಪರಿಷತ್ತು 2010ರಲ್ಲಿ ಹೇಳಿದ ಪ್ರಕಾರ ಹೆಚ್ಚು ಮೈಮುರಿದು ದುಡಿಯದ ಹೆಂಗಸಿಗೆ ಮೇಲಿಂದ ಹಾಕುವ ಎಣ್ಣೆ-ತುಪ್ಪ ದಿನಕ್ಕೆ 20 ಗ್ರಾಂ, ಗಂಡಸಿಗೆ 25. ಚಿಕ್ಕಮ್ಮ ಎರಡು ಹಸು ಸಾಕಿದ್ದಾರೆ, ಅವರನ್ನು ದುಡಿಯದವರು ಅಂತ ಅಂದರೆ ನನಗೆ ಊಟ ಸಿಗಲ್ಲ ಬಿಡಿ.)

ಹಾಗಾಗಿ ನಾನು ಹೇಳೋದು ಇಷ್ಟೇ. ನಮ್ಮ ಊರುಗಳಲ್ಲಿ ಜಿಡ್ಡಿನ ಲೆಕ್ಕ ಬೇಕು ಅನ್ನುವವರು ಮೊದಲು ಕ್ಯಾನನ್ನು ಕೇಳಲಿ. ಇವತ್ತು ಕ್ಯಾನಿನಲ್ಲಿ ಎಷ್ಟಿದೆ ಅಂತ ಒಂದು ಗೆರೆ, ಒಂದು ತಿಂಗಳು ಬಿಟ್ಟು ಇನ್ನೊಂದು ಗೆರೆ, ನಡುವೆ ತಂದ ಪ್ಯಾಕೆಟ್ ಕವರುಗಳನ್ನು ಒಂದು ಚೀಲದಲ್ಲಿ ಹಾಕಿಡೋದು. ತುಪ್ಪದ ಡಬ್ಬಿಗೂ ಹಾಗೇ. ಹಾಲು ಯಾವುದು ಅಂತ ಪ್ಯಾಕೆಟ್ ಮೇಲೆಯೇ ಇದೆ: ಟೋನ್ಡ್ ಆದರೆ 3 ಪರ್ಸೆಂಟ್, ಸ್ಟ್ಯಾಂಡರ್ಡೈಸ್ಡ್ ಆದರೆ 4.5, ಫುಲ್ ಕ್ರೀಮ್ ಆದರೆ 6. ತೆಂಗಿನಕಾಯಿ, ಕಡಲೆಕಾಯಿ ಎರಡರಲ್ಲೂ ನೂರು ಗ್ರಾಮಿಗೆ ಸುಮಾರು 40 ಗ್ರಾಂ ಜಿಡ್ಡು, ತಿಂಗಳಿಗೆ ಎಷ್ಟು ಕಾಯಿ ಒಡೆದಿರಿ ಅಂತ ಯಾವ ಗೃಹಿಣಿಗೂ ನೆನಪಿರುತ್ತೆ, ಅದರ ಬೆಲೆ ಹಾಗಿದೆ. ಮುದ್ದೆ, ಅನ್ನದಲ್ಲಿ ಜಿಡ್ಡು ಅತ್ಯಲ್ಪ, ಅದಕ್ಕೆ ಮುಕ್ಕಾಲು ಗಂಟೆ ಖರ್ಚು ಮಾಡಬೇಕಿಲ್ಲ. ಹೈದರಾಬಾದಿನ ರಾಷ್ಟ್ರೀಯ ಪೌಷ್ಟಿಕತೆ ಸಂಸ್ಥೆಯವರು 2017ರಲ್ಲಿ 528 ಆಹಾರ ಪದಾರ್ಥಗಳನ್ನು ದೇಶದ ಆರು ವಲಯಗಳಿಂದ ತಂದು ವಿಶ್ಲೇಷಿಸಿ ಕೋಷ್ಟಕ ಕೊಟ್ಟಿದ್ದಾರೆ, ಹಸಿ ಪದಾರ್ಥದ ಲೆಕ್ಕಕ್ಕೆ ಅದಕ್ಕಿಂತ ಒಳ್ಳೇದು ಬೇಕಿಲ್ಲ. ಫಾರಂ ಬೇಡವೇ ಬೇಡ ಅಂತಲೂ ನಾನು ಹೇಳಲ್ಲ. ಕ್ಯಾನು ಹೇಳದ್ದನ್ನು ಮಾತ್ರ ಫಾರಂ ಕೇಳಲಿ.

ಕ್ಯಾನು ಹೇಳದ್ದು ಬೇಕಾದಷ್ಟಿದೆ. ಹೊಸಕೋಟೆಯವನಾಗಿ ನಾನು ಬಿರಿಯಾನಿ ಬಗ್ಗೆ ಮಾತಾಡದೆ ಇದ್ದರೆ ಊರಿಗೆ ದ್ರೋಹ. ಬೆಳಗಿನ ಜಾವ ನಾಲ್ಕು ಗಂಟೆಗೆಲ್ಲ ಬೆಂಗಳೂರಿನಿಂದ ಕಾರು, ಬೈಕು ಹತ್ತಿ ಬಂದು ಇಲ್ಲಿ ಮಟನ್ ದಮ್ ಬಿರಿಯಾನಿಗೆ ಕ್ಯೂ ನಿಲ್ಲುತ್ತಾರೆ. ಅವರ ಮನೆಯ ಕ್ಯಾನಿಗೆ ಇದೆಲ್ಲಿ ಗೊತ್ತು? ಫಾರಂ ಕೇಳಿದರೆ "ತಿಂಗಳಿಗೊಂದು ಸಲ ಬಿರಿಯಾನಿ" ಅಂತಾರೆ. ಯಾವ ಬಿರಿಯಾನಿ? ಹಂಡೆಯ ಮೇಲಿನ ಪದರದ್ದೋ ತಳದ್ದೋ? ತುಂಡಿನ ಜೊತೆ ಎಷ್ಟು ಕೊಬ್ಬು ಬಂತು? ಒಂದೇ ಹಂಡೆಯಿಂದ ಬಡಿಸಿದ ಎರಡು ಪ್ಲೇಟಿನಲ್ಲೇ ಜಿಡ್ಡು ಬೇರೆಬೇರೆ ಇರುತ್ತೆ, ಯಾವ ಕೋಷ್ಟಕ ಇದನ್ನು ಹಿಡಿದೀತು. ಬೇಕರಿಯ ಪಫ್ಸು, ಬಸ್ ಸ್ಟ್ಯಾಂಡಿನ ಬೋಂಡ, ಕಾರ್ಖಾನೆ ಕ್ಯಾಂಟೀನಿನ ಊಟ, ಎಲ್ಲದಕ್ಕೂ ಇದೇ ಪಾಡು. ನರಸಾಪುರ, ಹೊಸಕೋಟೆ ಕಡೆ ಕಾರ್ಖಾನೆಗೆ ಹೋಗುವ ಹುಡುಗರು ದಿನಕ್ಕೆ ಎರಡು ಹೊತ್ತು ಹೊರಗೇ ತಿಂತಾರೆ. ಅವರಿಗೆ ಕ್ಯಾನಿನ ಲೆಕ್ಕ ಅರ್ಧವೂ ಸಿಗಲ್ಲ. ಅಲ್ಲಿ ಕೇಳಬೇಕಾದ್ದು ಹುಡುಗನನ್ನಲ್ಲ, ಕ್ಯಾಂಟೀನಿನ ಸ್ಟೋರ್ ರಿಜಿಸ್ಟರನ್ನು. ದಿನಕ್ಕೆ ಎಷ್ಟು ಟಿನ್ ಎಣ್ಣೆ, ಎಷ್ಟು ಊಟ ಹೋಯಿತು ಅಂತ ಅಲ್ಲಿ ಬರೆದಿರುತ್ತೆ.

ಮನೆಯಲ್ಲೂ ತೂತುಗಳಿವೆ. ಪೂರಿ ಕರಿದು ಉಳಿದ ಎಣ್ಣೆಯನ್ನು ಕೆಲವರು ಚೆಲ್ತಾರೆ, ಬಹಳ ಜನ ಮಾರನೆ ದಿನ ಪಲ್ಯಕ್ಕೆ ಹಾಕ್ತಾರೆ. ಯುಗಾದಿ ತಿಂಗಳಲ್ಲಿ ಒಬ್ಬಟ್ಟಿನ ಜೊತೆ ಬೀಗರೂ ಬಂದಿರುತ್ತಾರೆ, ತಲೆ ಎಣಿಕೆ ತಪ್ಪುತ್ತೆ. ದೇವರ ದೀಪಕ್ಕೆ ಅದೇ ಕ್ಯಾನಿಂದ ಹೋಗುವ ಮನೆಗಳೂ ಇವೆ. ಇವೆಲ್ಲ ಕೇಳಿದರೆ ಗೊತ್ತಾಗುವ ತಪ್ಪುಗಳು, ಕಳೆದುಬಿಡಬಹುದು. ಒಂದು ಮಾತ್ರ ಕ್ಯಾನಿಗೂ ಗೊತ್ತಿಲ್ಲ, ಫಾರಂಗೂ ಗೊತ್ತಿಲ್ಲ. ಐದು ಜನಕ್ಕೆ 30 ಗ್ರಾಂ ಅಂತ ನಾನು ಸಲೀಸಾಗಿ ಭಾಗಿಸಿದೆನಲ್ಲ, ಮನೇಲಿ ಯಾರೂ ಹಾಗೆ ಸಮವಾಗಿ ತಿನ್ನಲ್ಲ. ಮೇಲೆ ತೇಲೋ ಒಗ್ಗರಣೆ ಸೌಟು ಗಂಡಸರ ತಟ್ಟೆಗೆ, ಹುಡುಗರ ತಟ್ಟೆಗೆ ಹೋಗುತ್ತೆ. ಕೊನೆಗೆ ಕೂರುವವಳಿಗೆ ಪಾತ್ರೆ ತಳದ ಸಾರು. ಅಥವಾ ಉಲ್ಟಾ, ಬಾಣಲೆಗೆ ಅಂಟಿಕೊಂಡ ಎಣ್ಣೆಯಲ್ಲಿ ಅನ್ನ ಕಲಸಿ ಬಳಿದು ತಿನ್ನುವವಳೂ ಅವಳೇ. ಎರಡನ್ನೂ ನಾನು ನೋಡಿದ್ದೇನೆ. ಇದನ್ನು ಅಳೆಯಬೇಕು ಅಂದರೆ ಒಂದು ದಿನ ಆ ಅಡುಗೆಮನೆಯಲ್ಲೇ ತಕ್ಕಡಿ ಹಿಡಿದು ಕೂರಬೇಕು, ನೂರು ಮನೆಯಲ್ಲಿ ಆಗದಿದ್ದರೆ ಹತ್ತು ಮನೆಯಲ್ಲಾದರೂ.

ನಮ್ಮ ಮನೆಯ ಕ್ಯಾನಿಗೆ ಈ ತಿಂಗಳ ಒಂದನೇ ತಾರೀಖು ಮಾರ್ಕರಿನಲ್ಲಿ ಗೆರೆ ಎಳೆದಿದ್ದೀನಿ. ಮನೆಯವಳು ಮೊದಲನೇ ದಿನ ನಕ್ಕಳು, ಮೂರನೇ ದಿನ "ಇವತ್ತು ಸ್ವಲ್ಪ ಕಮ್ಮಿ ಹಾಕಿದ್ದೀನಿ, ನೋಡಿದ್ರಾ" ಅಂದಳು. ಅಂದರೆ ಅಳತೆ ಶುರುವಾದ ಕೂಡಲೇ ಅಡುಗೆಯೇ ಬದಲಾಯಿತು, ಈ ತಿಂಗಳ ಲೆಕ್ಕ ಹೋಯಿತು ಅಂತಲೇ ಲೆಕ್ಕ. ಮುಂದಿನ ತಿಂಗಳದ್ದು ಬರೆಯುತ್ತೇನೆ. ನಿಮ್ಮಲ್ಲಿ ಯಾರಾದರೂ ಗೆರೆ ಎಳೆದು ನೋಡಿದರೆ ಎಷ್ಟು ಜನ, ಎಷ್ಟು ಲೀಟರು, ದೀಪದ ಎಣ್ಣೆ ಸೇರಿಯೋ ಬಿಟ್ಟೋ ಅಂತ ತಿಳಿಸಿ.